ರಸಭಂಗದ ಬೆಲೆ ತೆರುವವರು ಯಾರು?

ನನ್ನ ಮಗಳ ಮಗ ಹತ್ತನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿಯಿದು. ಯುಗಾದಿ, ಗಣೇಶನ ಹಬ್ಬ, ಹುಟ್ಟುಹಬ್ಬಗಳಲ್ಲಿ ಹಿರಿಯರು ಕೈಗಿತ್ತ ಹಣವನ್ನು ವರ್ಷಕಾಲ ಕೂಡಿಟ್ಟು, ಒಂದು ವಿಡಿಯೊ ಗೇಮ್ ಕೊಳ್ಳಲು ಅವನು ಕಾದಿದ್ದ. ಅವನ ಅಜ್ಜಿ ಏಕಾದಶಿಗೆ ಗುರುತು ಹಾಕುವ ಕೆಂಪು ಪೆನ್ನಿನಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬಿಡುಗಡೆಯ ದಿನವನ್ನು ಸುತ್ತಿಟ್ಟಿದ್ದ. ಆ ದಿನಕ್ಕೆ ಇನ್ನೂ ಮೂರು ದಿನ ಇರುವಾಗ ಶಾಲೆಯಿಂದ ಬಂದವನು ಚೀಲವನ್ನು ಮೂಲೆಗೆಸೆದು, ಊಟವನ್ನೂ ಮಾಡದೆ ಮಲಗಿಬಿಟ್ಟ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಸಹಪಾಠಿಯೊಬ್ಬ ಹೆಚ್ಚಿನ ಹಣ ತೆತ್ತು ಅದೇ ಆಟವನ್ನು ಕೆಲವು ದಿನ ಮೊದಲೇ ಆಡುವ ಹಕ್ಕನ್ನು ಕೊಂಡಿದ್ದ, ಎರಡು ರಾತ್ರಿ ನಿದ್ದೆಗೆಟ್ಟು ಆಡಿ ಮುಗಿಸಿದ್ದ, ಕಥೆಯ ಕೊನೆಯಲ್ಲಿ ದ್ರೋಹ ಬಗೆಯುವ ಗೆಳೆಯ ಯಾರೆಂಬುದನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಡೀ ತರಗತಿಗೆ ಸಾರಿದ್ದ.

ನಾನು ನಕ್ಕೆ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಯಕ್ಷಗಾನ ಬಯಲಾಟಗಳನ್ನು ನೋಡುತ್ತ ಬೆಳೆದವನಿಗೆ ಇದು ನಗುವಂತಹ ವಿಷಯವಾಗಿಯೇ ಕಂಡಿತು. ‘ಗದಾಯುದ್ಧದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ ಎನ್ನುವುದು ಯಾರಿಗೆ ಗೊತ್ತಿಲ್ಲ ಮಗು? ಆದರೂ ನಾವು ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಕೂತು ನೋಡುತ್ತಿರಲಿಲ್ಲವೆ?’ ಎಂದೆ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಉತ್ತರಿಸಿದ: ‘ಯಕ್ಷಗಾನಾನ ನೀವು ನೋಡ್ತೀರಿ ಅಜ್ಜ. ಇದರಲ್ಲಿ ಗದೆ ನನ್ನ ಕೈಯಲ್ಲೇ ಇರುತ್ತೆ. ಯಾರನ್ನ ನಂಬಬೇಕು ಅಂತ ನಾನೇ ತೀರ್ಮಾನ ಮಾಡಬೇಕಿತ್ತು. ಈಗ ತೀರ್ಮಾನ ಮಾಡೋಕೆ ಏನು ಉಳಿದಿದೆ?’

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಇಂತಹ ಪ್ರಶ್ನೆಗಳಿಗೆ ತಕ್ಷಣದ ಉತ್ತರ ಹೊಳೆಯುವುದಿಲ್ಲ. ‘ಪರಿಶೀಲನೆಗಾಗಿ’ ಎಂದು ಬರೆದು ಕಡತವನ್ನು ಮೇಜಿನ ಮೇಲೆ ಇರಿಸಿಕೊಳ್ಳುವುದೇ ಅಭ್ಯಾಸ. ಈ ಕಡತವನ್ನೂ ಹಾಗೆಯೇ ಇರಿಸಿಕೊಂಡೆ. ನಿವೃತ್ತನಿಗೆ ಕಾಲದ ಅಭಾವವಿಲ್ಲ. ಈ ಆಟಗಳನ್ನು ಹೇಗೆ ತಯಾರಿಸುತ್ತಾರೆ, ಹೇಗೆ ಮಾರುತ್ತಾರೆ ಎಂಬುದನ್ನು ಕುತೂಹಲದಿಂದ ಓದತೊಡಗಿದಂತೆ, ಎಂದೋ ಮಾನಸಗಂಗೋತ್ರಿಯಲ್ಲಿ ಕಲಿತು ಮರೆತಿದ್ದ ಅರ್ಥಶಾಸ್ತ್ರ ಮತ್ತೆ ಉಪಯೋಗಕ್ಕೆ ಬರತೊಡಗಿತು. ಹುಡುಗನ ದೂರಿನಲ್ಲಿ ಹುರುಳಿದೆ ಎಂಬ ತೀರ್ಮಾನಕ್ಕೆ ನಾನೀಗ ಬಂದಿದ್ದೇನೆ. ಆಟಗಳ ಪರಿಚಯವಿಲ್ಲದ ಓದುಗರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ.

ಕಥೆಯ ಗುಟ್ಟನ್ನು ಮೊದಲೇ ಹೊರಹಾಕುವುದಕ್ಕೆ ಈ ಮಕ್ಕಳು ‘ಸ್ಪಾಯ್ಲರ್’ ಎನ್ನುತ್ತಾರೆ. ನಮ್ಮಲ್ಲಿ ‘ರಸಭಂಗ’ ಎಂಬ ಹಳೆಯ ಪದವೇ ಇದೆ, ಅದನ್ನೇ ಬಳಸುತ್ತೇನೆ. ‘ಅರ್ಲಿ ಆಕ್ಸೆಸ್’, ಅಂದರೆ ಮುಂಚಿತ ಪ್ರವೇಶ, ಎಂಬ ಇನ್ನೊಂದು ಮಾತಿದೆ. ತೊಡಕೆಲ್ಲ ಇರುವುದು ಇದರಲ್ಲಿ. ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವ್ಯಾಪಾರಗಳು ನಡೆಯುತ್ತಿವೆ. ಒಂದು ಗೌರವಯುತವಾದುದು, ಇನ್ನೊಂದು ಅಷ್ಟೇನೂ ಅಲ್ಲ.

ಮೊದಲನೆಯದು, ಇನ್ನೂ ಪೂರ್ಣಗೊಳ್ಳದ ಆಟವನ್ನು ‘ಇದು ಅಪೂರ್ಣ’ ಎಂದು ಹೇಳಿಯೇ ಮಾರುವುದು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬ ತಂತ್ರಾಂಶ ಬರಹಗಾರ 2009ರಲ್ಲಿ ‘ಮೈನ್‌ಕ್ರಾಫ್ಟ್’ ಎಂಬ ಆಟದ ಕಚ್ಚಾ ರೂಪವನ್ನು, ಮುಂದೆ ನಿಗದಿಯಾಗಲಿದ್ದ ಪೂರ್ಣ ಬೆಲೆಯ ಸುಮಾರು ಅರ್ಧಕ್ಕೆ ಮಾರತೊಡಗಿದ. ಆಟ ಬೆಳೆದಂತೆ ಬೆಲೆಯೂ ಏರಿತು. 2011ರ ಜನವರಿಯ ಹೊತ್ತಿಗೆ, ಅಂದರೆ ಪೂರ್ಣ ಆವೃತ್ತಿ ಬರಲು ಇನ್ನೂ ಹತ್ತು ತಿಂಗಳು ಇರುವಾಗಲೇ, 10 ಲಕ್ಷ ಜನ ಅದನ್ನು ಕೊಂಡಿದ್ದರು. ಸಾಲವಿಲ್ಲದೆ, ದೊಡ್ಡ ಪ್ರಕಾಶಕನ ಹಂಗಿಲ್ಲದೆ ಒಬ್ಬ ವ್ಯಕ್ತಿ ಬಂಡವಾಳವನ್ನು ಗ್ರಾಹಕರಿಂದಲೇ ಎತ್ತಿದ ರೀತಿಯಿದು. ಪುಸ್ತಕ ಅಚ್ಚಾಗುವ ಮೊದಲೇ ರಿಯಾಯಿತಿ ದರದಲ್ಲಿ ಚಂದಾ ಪಡೆಯುವ ನಮ್ಮ ಪ್ರಕಾಶಕರ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಕೊಳ್ಳುವವನು ಅಪಾಯದಲ್ಲಿ ಪಾಲುಗೊಳ್ಳುತ್ತಾನೆ. ಅದಕ್ಕೆ ಪ್ರತಿಯಾಗಿ ಕಡಿಮೆ ಬೆಲೆ ತೆರುತ್ತಾನೆ.

ಅಮೆರಿಕದ ವಾಲ್ವ್ ಸಂಸ್ಥೆ ನಡೆಸುವ ‘ಸ್ಟೀಮ್’ ಎಂಬ ಆಟಗಳ ಮಳಿಗೆ 2013ರ ಮಾರ್ಚ್‌ನಲ್ಲಿ ಇದಕ್ಕೊಂದು ಪ್ರತ್ಯೇಕ ವಿಭಾಗ ತೆರೆಯಿತು. ಆಟ ಅಪೂರ್ಣವೆಂದೂ, ಈಗಿರುವ ಸ್ಥಿತಿಯಲ್ಲಿ ಇಷ್ಟವಿಲ್ಲದವರು ಕಾದು ನೋಡಬೇಕೆಂದೂ ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಪಾಯ ಬರಿಯ ಮಾತಿನದಲ್ಲ. ‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್ 2’ ಎಂಬ ರಾಕೆಟ್ ಹಾರಿಸುವ ಆಟವನ್ನು 2023ರ ಫೆಬ್ರುವರಿಯಲ್ಲಿ ಹೀಗೆ ಅಪೂರ್ಣ ರೂಪದಲ್ಲಿ 49.99 ಡಾಲರಿಗೆ ಮಾರಲಾಯಿತು. 2024ರಲ್ಲಿ ಅದನ್ನು ತಯಾರಿಸುತ್ತಿದ್ದ ಸ್ಟುಡಿಯೊವನ್ನೇ ಮುಚ್ಚಲಾಯಿತು. ಕೊಂಡವರ ಕೈಯಲ್ಲಿ ಉಳಿದದ್ದು ಅರ್ಧ ಕಟ್ಟಿದ ಮನೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿ ಕಾದವರಿಗೆ ಈ ಅನುಭವವನ್ನು ವಿವರಿಸಬೇಕಿಲ್ಲ.

ಈ ಬಗೆಯ ಮಾರಾಟದಲ್ಲಿ ರಸಭಂಗದ ಪ್ರಶ್ನೆ ಏಳುವುದಿಲ್ಲವೆ? ಮೈನ್‌ಕ್ರಾಫ್ಟಿನಲ್ಲಿ ಕಥೆಯೆಂಬುದೇ ಇಲ್ಲದಿದ್ದುದರಿಂದ ಏಳಲಿಲ್ಲ. ಕಥೆಯೇ ಜೀವಾಳವಾದ ಆಟಗಳಲ್ಲಿ ಏಳುತ್ತದೆ. ಅದನ್ನು ವಿವೇಕದಿಂದ ನಿಭಾಯಿಸಿದವರೂ ಇದ್ದಾರೆ. ಬೆಲ್ಜಿಯಂ ದೇಶದ ಗೆಂಟ್ ನಗರದ ಲೇರಿಯನ್ ಸಂಸ್ಥೆ ‘ಬಾಲ್ಡರ್ಸ್ ಗೇಟ್ 3’ ಎಂಬ ಆಟವನ್ನು 2020ರ ಅಕ್ಟೋಬರ್ 6ರಂದು ಅಪೂರ್ಣ ರೂಪದಲ್ಲಿ ಮಾರಾಟಕ್ಕಿಟ್ಟಿತು. ಬೆಲೆಯಲ್ಲಿ ರಿಯಾಯಿತಿ ಇರಲಿಲ್ಲ, 59.99 ಡಾಲರಿನ ಪೂರ್ಣ ಬೆಲೆಯನ್ನೇ ಪಡೆದರು ಎನ್ನುವುದು ನನಗೆ ಅಷ್ಟು ಒಪ್ಪಿಗೆಯಾಗದ ಸಂಗತಿ. ಆದರೆ ಗ್ರಾಹಕರ ಕೈಗೆ ಕೊಟ್ಟದ್ದು ಮೂರು ಅಂಕಗಳ ಕಥೆಯ ಮೊದಲನೆಯ ಅಂಕವನ್ನು ಮಾತ್ರ. ಉಳಿದೆರಡು ಅಂಕಗಳನ್ನು ತಿಜೋರಿಯಲ್ಲಿಟ್ಟರು. ಸುಮಾರು ಮೂರು ವರ್ಷ ಲಕ್ಷಾಂತರ ಜನ ಆ ಮೊದಲ ಅಂಕವನ್ನೇ ತಿರುತಿರುಗಿ ಆಡಿ ತಪ್ಪುಗಳನ್ನು ತೋರಿಸಿಕೊಟ್ಟರು; ಆ ಅವಧಿಯಲ್ಲಿ ಮುಖ್ಯ ಪಾತ್ರವೊಂದರ ಕಥೆಯನ್ನೇ ಹೊಸದಾಗಿ ಬರೆಯಲಾಯಿತು. 2023ರ ಆಗಸ್ಟ್ 3ರಂದು ಪೂರ್ಣ ಆಟ ಹೊರಬಂದಾಗ, 2020ರಲ್ಲಿ ಹಣ ಕೊಟ್ಟವನೂ ಅಂದೇ ಕೊಂಡವನೂ ಎರಡನೆಯ ಅಂಕದ ಹೊಸ್ತಿಲಿನಲ್ಲಿ ಸಮಾನ ಅಜ್ಞಾನಿಗಳಾಗಿ ನಿಂತಿದ್ದರು. ಆಗಸ್ಟ್ ತಿಂಗಳಲ್ಲಿ ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ 8 ಲಕ್ಷಕ್ಕೂ ಹೆಚ್ಚು ಜನ ಅದನ್ನು ಆಡಿದರು. ‘ಹೇಡಿಸ್’ ಎಂಬ ಗ್ರೀಕ್ ಪುರಾಣದ ಆಟವನ್ನು ತಯಾರಿಸಿದವರೂ 2018ರ ಡಿಸೆಂಬರ್‌ನಿಂದ ಅಪೂರ್ಣ ರೂಪವನ್ನು ಮಾರುತ್ತ, ಕಥೆಯ ನಿಜವಾದ ಮುಕ್ತಾಯವನ್ನು 2020ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲೇ ಉಳಿಸಿಕೊಂಡಿದ್ದರು. ಮುಂಗಡ ಹಣ ಪಡೆಯುವುದಕ್ಕೂ ಗುಟ್ಟು ಕಾಪಾಡುವುದಕ್ಕೂ ವಿರೋಧವಿಲ್ಲವೆಂದು ಇವರು ತೋರಿಸಿದರು.

ಇನ್ನು ಎರಡನೆಯ ವ್ಯಾಪಾರ. ನನ್ನ ಮೊಮ್ಮಗನಿಗೆ ಪೆಟ್ಟು ಕೊಟ್ಟದ್ದು ಈ ಬಗೆಯದು. ಆ ಆಟದ ಹೆಸರು ಇಲ್ಲಿ ಬೇಡ. ಎಲ್ಲರಿಗೂ ತಿಳಿದ ಬೇರೊಂದು ಉದಾಹರಣೆಯನ್ನು ಕೊಡುತ್ತೇನೆ. ಮೈಕ್ರೋಸಾಫ್ಟ್ ಒಡೆತನದ ಬೆಥೆಸ್ಡಾ ಸಂಸ್ಥೆಯ ‘ಸ್ಟಾರ್‌ಫೀಲ್ಡ್’ ಎಂಬ ಬಾಹ್ಯಾಕಾಶದ ಆಟದ ಬಿಡುಗಡೆಯ ದಿನ 2023ರ ಸೆಪ್ಟೆಂಬರ್ 6 ಎಂದು ಘೋಷಣೆಯಾಗಿತ್ತು. ಸಾಮಾನ್ಯ ಪ್ರತಿಗೆ 69.99 ಡಾಲರು. 99.99 ಡಾಲರಿನ ‘ಪ್ರೀಮಿಯಂ’ ಪ್ರತಿ ಕೊಂಡವರಿಗೆ ಸೆಪ್ಟೆಂಬರ್ 1ರಿಂದಲೇ ಬಾಗಿಲು ತೆರೆಯಿತು. ವ್ಯತ್ಯಾಸ 30 ಡಾಲರು. ಅಂದಿನ ವಿನಿಮಯ ದರದಲ್ಲಿ ಸುಮಾರು 2,500 ರೂಪಾಯಿ. ಆ ಹಣಕ್ಕೆ ಮುಂದೆ ಬರಲಿರುವ ಕಥಾವಿಸ್ತರಣೆ, ಸಂಗೀತ, ಚಿತ್ರಸಂಪುಟಗಳೂ ಸೇರಿದ್ದವು ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಜಾಹೀರಾತಿನ ಮುಂಚೂಣಿಯಲ್ಲಿದ್ದ ಆಮಿಷ ಆ ಐದು ದಿನಗಳೇ. ಸಾಮಾನ್ಯ ಜನಕ್ಕೆ ಬಾಗಿಲು ತೆರೆಯುವ ಮೊದಲೇ ಸ್ಟೀಮ್‌ನಲ್ಲಿ ಏಕಕಾಲಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಒಳಗಿದ್ದರು.

ಗಮನಿಸಬೇಕಾದುದೇನೆಂದರೆ, ಇಲ್ಲಿ ಆಟ ಅಪೂರ್ಣವಲ್ಲ. ಸೆಪ್ಟೆಂಬರ್ 1ರಂದು ಸಿದ್ಧವಾಗಿದ್ದ ಸರಕನ್ನೇ ಸೆಪ್ಟೆಂಬರ್ 6ರವರೆಗೆ ಉಳಿದವರಿಂದ ತಡೆಹಿಡಿಯಲಾಗಿತ್ತು. ಕೊಳ್ಳುವವನು ಯಾವ ಅಪಾಯವನ್ನೂ ಹೊರುವುದಿಲ್ಲ, ಯಾವ ತಪ್ಪನ್ನೂ ತಿದ್ದಿಕೊಡಬೇಕಾಗಿಲ್ಲ. ಮೈನ್‌ಕ್ರಾಫ್ಟಿನಲ್ಲಿ ಮೊದಲು ಬಂದವನಿಗೆ ರಿಯಾಯಿತಿ ಸಿಕ್ಕಿತು. ಇಲ್ಲಿ ಮೊದಲು ಬಂದವನೇ ದಂಡ ತೆರುತ್ತಾನೆ, ಅದೂ ಸಂತೋಷದಿಂದ.

ನನಗೆ ನೆನಪಾದದ್ದು ನಮ್ಮ ತಂದೆಯ ಸ್ಕೂಟರು. ಎಪ್ಪತ್ತರ ದಶಕದಲ್ಲಿ ಸ್ಕೂಟರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಂಚಿಕೆಯ ಪತ್ರ ಕೈಗೆ ಬಂದ ಕೂಡಲೇ ಅದನ್ನು ‘ಪ್ರೀಮಿಯಂ’ಗೆ ಮಾರಿಕೊಳ್ಳುವವರಿದ್ದರು, ಆ ಪದವೂ ಇದೇ ಎಂಬುದು ಸೋಜಿಗ. ನಮ್ಮ ತಂದೆ ಮಾರಲೂ ಇಲ್ಲ, ಪ್ರೀಮಿಯಂ ಕೊಟ್ಟು ಕೊಳ್ಳಲೂ ಇಲ್ಲ. ಸ್ಕೂಟರು ಬಂದಾಗ ಅವರ ಮಂಡಿನೋವೂ ಬಂದಿತ್ತು. ಆದರೆ ಆಗಿನ ಅಭಾವ ನಿಜವಾದುದು. ಕಾರ್ಖಾನೆಗಳು ಪರವಾನಗಿ ಇದ್ದಷ್ಟನ್ನೇ ತಯಾರಿಸುತ್ತಿದ್ದವು. ಕಂಪ್ಯೂಟರ್ ಆಟದ ಎರಡನೆಯ ಪ್ರತಿಗೂ ಎರಡು ಲಕ್ಷದನೆಯ ಪ್ರತಿಗೂ ತಯಾರಿಕೆಯ ವೆಚ್ಚ ಹೆಚ್ಚುಕಡಿಮೆ ಶೂನ್ಯ. ಅಭಾವವಿಲ್ಲದಲ್ಲಿ ಕೃತಕವಾಗಿ ಐದು ದಿನಗಳ ಅಭಾವವನ್ನು ಸೃಷ್ಟಿಸಿ, ಅದನ್ನು ಮಾರುವುದಕ್ಕೆ ಅರ್ಥಶಾಸ್ತ್ರದಲ್ಲಿ ‘ರೆಂಟ್’ ಎನ್ನುತ್ತೇವೆ.

ಇಷ್ಟಾದರೆ ದೂರಲು ಹೆಚ್ಚೇನೂ ಇರುತ್ತಿರಲಿಲ್ಲ. ಒಂದೇ ಸರಕನ್ನು ಆತುರದವನಿಗೆ ಹೆಚ್ಚು ಬೆಲೆಗೆ, ತಾಳ್ಮೆಯವನಿಗೆ ಕಡಿಮೆ ಬೆಲೆಗೆ ಮಾರುವುದು ಹಳೆಯ ವ್ಯಾಪಾರ ನೀತಿ. ದಪ್ಪರಟ್ಟಿನ ಪುಸ್ತಕ ಮೊದಲು, ತೆಳುರಟ್ಟಿನದು ಆಮೇಲೆ. ನಮ್ಮ ಚಿತ್ರಗಳಿಗೂ ಈಗೀಗ ಬಿಡುಗಡೆಯ ಮುನ್ನಾದಿನ ‘ಪೇಯ್ಡ್ ಪ್ರೀಮಿಯರ್’ ಎಂದು ಹೆಚ್ಚಿನ ದರದ ಪ್ರದರ್ಶನಗಳು ನಡೆಯುತ್ತಿವೆ. ಕಾಯಲು ಸಿದ್ಧನಿರುವವನಿಗೆ ನಷ್ಟವೇನು ಎಂದು ಉದ್ಯಮದವರು ಕೇಳುತ್ತಾರೆ. ಅವನಿಗೂ ಅದೇ ಆಟ, ಕಡಿಮೆ ಬೆಲೆಗೆ, ಐದು ದಿನ ತಡವಾಗಿ ಸಿಗುತ್ತದಲ್ಲ?

ಇಲ್ಲ, ಅದೇ ಆಟ ಸಿಗುವುದಿಲ್ಲ. ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ಸೀಮೆಎಣ್ಣೆಯ ಸರದಿಗಳನ್ನು ಸಾಕಷ್ಟು ಕಂಡಿದ್ದೇನೆ. ಅಲ್ಲಿ ಮೊದಲು ನಿಂತವನು ಐದು ಲೀಟರ್ ಒಯ್ದರೆ, ಕೊನೆಯವನಿಗೆ ಎಣ್ಣೆ ಸಿಗದೇ ಹೋಗಬಹುದು. ಆದರೆ ಸಿಕ್ಕರೆ ಅದು ಮೊದಲಿನವನಿಗೆ ಸಿಕ್ಕಷ್ಟೇ ಚೆನ್ನಾಗಿ ಉರಿಯುತ್ತದೆ. ಆಟದ ಸರದಿ ಇದಕ್ಕೆ ತಿರುಗುಮುರುಗು. ಪ್ರತಿಗಳು ಎಂದೂ ಮುಗಿಯುವುದಿಲ್ಲ; ಆದರೆ ಮೊದಲಿನವನು ಬಳಸಿ ಮುಗಿಸಿದ ಮೇಲೆ ಕೊನೆಯವನ ಪಾಲಿನ ಸರಕಿನ ಗುಣವೇ ಕೆಡುತ್ತದೆ. ಐದು ದಿನ ಎರಡು ಲಕ್ಷ ಜನ ಬಾಯಿಗೆ ಬೀಗ ಹಾಕಿಕೊಂಡಿರಬೇಕೆಂದು ನಿರೀಕ್ಷಿಸುವುದು ಮನುಷ್ಯ ಸ್ವಭಾವವನ್ನು ಅರಿಯದವರ ಮಾತು. ಮುಕ್ತಾಯದ ದೃಶ್ಯವನ್ನು ಆಡಿ ತೋರಿಸುವ ವಿಡಿಯೊಗಳು ಬಿಡುಗಡೆಯ ದಿನಕ್ಕೆ ಮೊದಲೇ ಹರಿದಾಡುತ್ತವೆ. ಕಣ್ಣು ಮುಚ್ಚಿಕೊಂಡರೂ ಶೀರ್ಷಿಕೆ ಕಣ್ಣಿಗೆ ಬೀಳುತ್ತದೆ. ಒಬ್ಬರ ವ್ಯವಹಾರದ ಹೊರೆಯನ್ನು ಅದರಲ್ಲಿ ಪಾಲುಗೊಳ್ಳದ ಮೂರನೆಯವರು ಹೊರುವುದಕ್ಕೆ ಅರ್ಥಶಾಸ್ತ್ರಜ್ಞ ಪಿಗೂ ಕಾರ್ಖಾನೆಯ ಹೊಗೆಯ ಉದಾಹರಣೆ ಕೊಟ್ಟಿದ್ದ. ಇದೂ ಒಂದು ಬಗೆಯ ಹೊಗೆಯೇ.

ಲೇರಿಯನ್ ಸಂಸ್ಥೆಯನ್ನು ಹೊಗಳಿದೆನಷ್ಟೆ. ಅವರದೇ ಆಟದ ಪ್ಲೇಸ್ಟೇಷನ್ 5 ಆವೃತ್ತಿ 2023ರ ಸೆಪ್ಟೆಂಬರ್ 6ರಂದು ಬಂದಾಗ, ದುಬಾರಿ ಡೀಲಕ್ಸ್ ಪ್ರತಿ ಕೊಂಡವರಿಗೆ 72 ಗಂಟೆ ಮೊದಲೇ ಬಾಗಿಲು ತೆರೆದಿದ್ದರು. ಕಂಪ್ಯೂಟರ್ ಆವೃತ್ತಿ ಬಂದು ಆಗಲೇ ತಿಂಗಳಾಗಿದ್ದರಿಂದ ಗುಟ್ಟು ಉಳಿದಿರಲಿಲ್ಲ ಎಂದು ಸಮರ್ಥಿಸಿಕೊಳ್ಳಬಹುದು. ಆದರೂ ಇದನ್ನು ಓದಿದಾಗ, ಪ್ರಾಮಾಣಿಕನೆಂದು ನಂಬಿದ್ದ ಗುಮಾಸ್ತನ ಮೇಜಿನ ಡ್ರಾಯರಿನಲ್ಲಿ ಲಕೋಟೆ ಸಿಕ್ಕಾಗ ಆಗುವಂತಹ ಬೇಸರವಾಯಿತು.

ಬಿಡುಗಡೆಗೆ ಮುಂಚಿನ ರಸಭಂಗಕ್ಕೆ ಇನ್ನೊಂದು ದಾರಿಯೂ ಇದೆ; ಅದು ಕಳ್ಳದಾರಿ. ಅದೇ ಸ್ಟಾರ್‌ಫೀಲ್ಡ್ ಆಟದ ಪ್ರತಿಗಳನ್ನು ಕದ್ದು ಮಾರಿದ ಆರೋಪದ ಮೇಲೆ 2023ರ ಆಗಸ್ಟ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಒಬ್ಬನನ್ನು ಬಂಧಿಸಲಾಯಿತು. ಆಡುವ ದೃಶ್ಯಗಳನ್ನೂ ಆತ ಬಹಿರಂಗಪಡಿಸಿದ್ದ. ಕಳವು ಕಳವೇ, ಶಿಕ್ಷೆಯಾಗಬೇಕು, ಸರಿ. ಆದರೆ ಸೆಪ್ಟೆಂಬರ್ 6ರವರೆಗೆ ಕಾದು ಕುಳಿತ ಸಾಮಾನ್ಯ ಗ್ರಾಹಕನ ದೃಷ್ಟಿಯಿಂದ ನೋಡಿ. ಆಗಸ್ಟ್ ಕೊನೆಯಲ್ಲಿ ಗುಟ್ಟು ಹೊರಬಿದ್ದರೆ ಅದು ಅಪರಾಧ. ಸೆಪ್ಟೆಂಬರ್ 1ರ ನಂತರ 30 ಡಾಲರ್ ತೆತ್ತವನ ಬಾಯಿಂದ ಹೊರಬಿದ್ದರೆ ಅದು ವ್ಯಾಪಾರ. ಅವನಿಗಾದ ನಷ್ಟ ಎರಡರಲ್ಲೂ ಒಂದೇ.

ಕಂಪನಿಗಳ ನಷ್ಟದ ಮಾತನ್ನೂ ಸ್ವಲ್ಪ ಪರೀಕ್ಷಿಸೋಣ. ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ಎಂಬ ಆಟದ ಮುಖ್ಯ ತಿರುವುಗಳು 2020ರ ಏಪ್ರಿಲ್ ಕೊನೆಯಲ್ಲಿ, ಬಿಡುಗಡೆಗೆ ಸುಮಾರು ಎರಡು ತಿಂಗಳು ಮೊದಲೇ ಸೋರಿಹೋದವು. (ಅವು ಯಾವುವೆಂದು ಇಲ್ಲಿ ಬರೆದು ನಾನೂ ಆ ಪಾಪದಲ್ಲಿ ಪಾಲುಗಾರನಾಗಲಾರೆ.) ವರ್ಷಗಟ್ಟಲೆ ದುಡಿದ ಬರಹಗಾರರು ನೊಂದರು. ಆದರೆ ಜೂನ್ 19ರಂದು ಬಿಡುಗಡೆಯಾದ ಆ ಆಟ ಮೂರೇ ದಿನಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವೆಂದು ಸೋನಿ ಪ್ರಕಟಿಸಿತು. ನಿಂಟೆಂಡೊ ಕಂಪನಿಯ ಜೆಲ್ಡಾ ಸರಣಿಯ ಆಟ 2023ರ ಮೇ 12ಕ್ಕೆ ಬರಬೇಕಿತ್ತು. ಸುಮಾರು ಹತ್ತು ದಿನ ಮೊದಲೇ ಕದ್ದ ಪ್ರತಿಗಳು ಹರಡಿದವು. ಬಿಡುಗಡೆಗೆ ಮೊದಲೇ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಅಕ್ರಮವಾಗಿ ಇಳಿಸಿಕೊಳ್ಳಲಾಯಿತೆಂದು ಕಂಪನಿ ಮುಂದೆ ನ್ಯಾಯಾಲಯದಲ್ಲಿ ಹೇಳಿತು. ಅಂತಹ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ ಮಾಡಿದವರು 2024ರ ಮಾರ್ಚ್‌ನಲ್ಲಿ 24 ಲಕ್ಷ ಡಾಲರ್ ಕೊಡಲು ಒಪ್ಪಿದರು. ಆ ಆಟವೂ ಮೊದಲ ಮೂರು ದಿನಗಳಲ್ಲಿ ಒಂದು ಕೋಟಿ ಪ್ರತಿ ಮಾರಿತ್ತು. ಅಂದರೆ, ರಸಭಂಗದಿಂದ ಮಾರಾಟ ಕುಸಿಯುತ್ತದೆ ಎನ್ನಲು ಈ ಎರಡು ದೊಡ್ಡ ಪ್ರಕರಣಗಳಲ್ಲಿ ಆಧಾರ ಕಾಣುವುದಿಲ್ಲ. ನಷ್ಟ ಆದದ್ದು ಮಾರಿದವನಿಗಲ್ಲ, ಕೊಂಡವನಿಗೆ. ಅವನ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಆದ್ದರಿಂದಲೇ ಐದು ದಿನಗಳನ್ನು ಮಾರುವಾಗ ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ 6’ರ ಕಚ್ಚಾ ದೃಶ್ಯಗಳ ಸುಮಾರು 90 ತುಣುಕುಗಳು ಹೊರಬಿದ್ದದ್ದು ಮಾತ್ರ ಬೇರೆ ಬಗೆಯ ನೋವು. ಅಲ್ಲಿ ಕೆಟ್ಟದ್ದು ಕಥೆಗಿಂತ ಹೆಚ್ಚಾಗಿ ಕೆಲಸಗಾರರ ಮಾನ. ಅರ್ಧ ಬೆಂದ ಅನ್ನವನ್ನು ಬಡಿಸಿ ಅಡುಗೆಯವನನ್ನು ಹಳಿದಂತೆ, ಅಪೂರ್ಣ ಚಿತ್ರಗಳನ್ನು ಕಂಡವರು ಹೀಯಾಳಿಸಿದರು. ಅದನ್ನು ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆಗೆ ನಮ್ಮ ಬೆಂಗಳೂರಿನಲ್ಲೂ ದೊಡ್ಡ ಸ್ಟುಡಿಯೊ ಇದೆ. 1997ರಲ್ಲಿ ಇಲ್ಲೇ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಅದು 2019ರಲ್ಲಿ ಕೊಂಡಿತ್ತು. ಇದು ಎಲ್ಲೋ ದೂರದವರ ವಿಷಯ ಎಂದುಕೊಳ್ಳುವವರಿಗಾಗಿ ಈ ಮಾತು.

ತಹಸೀಲ್ದಾರನಾಗಿದ್ದ ದಿನಗಳಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಮೊಹರು ಹಾಕಿದ ಕಟ್ಟುಗಳು ತಾಲ್ಲೂಕು ಖಜಾನೆಯಲ್ಲಿರುತ್ತಿದ್ದಾಗ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪತ್ರಿಕೆ ಎರಡು ಬಾರಿ ಸೋರಿಕೆಯಾದದ್ದು ಓದುಗರಿಗೆ ನೆನಪಿರಬಹುದು. ಎಷ್ಟೇ ಕಷ್ಟವಾದರೂ ಹೊಸ ಪತ್ರಿಕೆ ತಯಾರಿಸಿ ಪರೀಕ್ಷೆಯನ್ನು ಮತ್ತೆ ನಡೆಸಿದರು. ಕಥೆಗೆ ಮರುಪರೀಕ್ಷೆಯಿಲ್ಲ. ಹದಿನೈದು ವರ್ಷದ ಹುಡುಗನೊಬ್ಬ ‘ಈ ಗೆಳೆಯನನ್ನು ನಂಬಲೇ?’ ಎಂದು ಅನುಮಾನಿಸುತ್ತ ನಡೆಯಬೇಕಿದ್ದ ಆ ನಲವತ್ತು ಗಂಟೆಗಳನ್ನು ಇನ್ನಾರೂ ಅವನಿಗೆ ಮರಳಿಸಲಾರರು.

ಇದಕ್ಕೆ ವಿದ್ವಾಂಸರ ಆಕ್ಷೇಪವೊಂದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ 12 ಸಣ್ಣಕತೆಗಳನ್ನಿಟ್ಟುಕೊಂಡು ಪ್ರಯೋಗ ನಡೆಸಿ, ಮುಕ್ತಾಯವನ್ನು ಮೊದಲೇ ತಿಳಿದವರು ಕತೆಯನ್ನು ಹೆಚ್ಚೇ ಆಸ್ವಾದಿಸಿದರೆಂದು ಪ್ರಕಟಿಸಿದರು. ಯಕ್ಷಗಾನದ ಹೆಸರೆತ್ತಿ ನಾನು ಮೊಮ್ಮಗನಿಗೆ ಹೇಳಿದ್ದೂ ಇದನ್ನೇ. ಕೇಳುವ, ಓದುವ ಕತೆಯ ಮಟ್ಟಿಗೆ ಇದರಲ್ಲಿ ಸತ್ಯಾಂಶವಿರಬಹುದು. ಆದರೆ ಎಲ್ಲ ಕತೆಗಳಿಗೂ ಅಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ದಿನದ ಬಾಡಿಗೆಗೆ ತಂದು ಓದುತ್ತಿದ್ದೆವು. ನಮಗಿಂತ ಮೊದಲು ಓದಿದ ಪುಣ್ಯಾತ್ಮನೊಬ್ಬ ಮೊದಲ ಪುಟದಲ್ಲೇ ಪೆನ್ಸಿಲಿನಿಂದ ‘ಕೊಲೆಗಾರ ಇಂಥವನು’ ಎಂದು ಬರೆದಿಡುತ್ತಿದ್ದ. ಅವನು ಯಾರೆಂದು ಪತ್ತೆ ಮಾಡಲು ನಾನೂ ನನ್ನ ತಮ್ಮನೂ ಒಂದು ಬೇಸಿಗೆ ರಜೆಯನ್ನೇ ಕಳೆದೆವು. ಈ ವಯಸ್ಸಿನಲ್ಲೂ ಅವನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಹೀಗಿರುವಾಗ ಮೊಮ್ಮಗನನ್ನು ನೋಡಿ ನಗಲು ನನಗೇನು ಅಧಿಕಾರವಿತ್ತು?

ಆಟವಂತೂ ಪತ್ತೇದಾರಿಗಿಂತ ಇನ್ನೊಂದು ಹೆಜ್ಜೆ ಮುಂದಿನದು. ಅದರಲ್ಲಿ ಆಡುವವನೇ ಕರ್ತೃ. ಬಾಲ್ಡರ್ಸ್ ಗೇಟ್ 3ರಲ್ಲಿ ಆಟಗಾರನ ಆಯ್ಕೆಗಳಿಗೆ ಅನುಗುಣವಾಗಿ ಮುಕ್ತಾಯದಲ್ಲಿ 17,000 ಬಗೆಯ ವ್ಯತ್ಯಾಸಗಳಿವೆಯೆಂದು ತಯಾರಕರೇ ಹೇಳಿಕೊಂಡಿದ್ದರು. ಪರಿಣಾಮ ತಿಳಿಯದೆ ಆರಿಸುವವನು ತನ್ನ ಸ್ವಭಾವದಂತೆ ಆರಿಸುತ್ತಾನೆ. ತಿಳಿದು ಆರಿಸುವವನು ಲಾಭನಷ್ಟ ನೋಡಿ ಆರಿಸುತ್ತಾನೆ. ಅವನಿಂದ ಕಸಿದದ್ದು ಕೇವಲ ಅಚ್ಚರಿಯಲ್ಲ. ತಾನೆಂಥವನೆಂದು ಕಂಡುಕೊಳ್ಳುವ ಒಂದು ಸಣ್ಣ ಅವಕಾಶವೂ ಹೌದು.

ಹಾಗಾದರೆ ಏನು ಮಾಡಬೇಕು? ಕಾನೂನು ತನ್ನಿ ಎಂದು ನಾನು ಹೇಳುವುದಿಲ್ಲ. ಕಾನೂನುಗಳನ್ನು ಜಾರಿಗೆ ತಂದ ಅನುಭವವೇ ಅದಕ್ಕೆ ಕಾರಣ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿದಾಗ ಚರ್ಚೆಯೆಲ್ಲ ಹಣವಿಟ್ಟು ಆಡುವ ಜೂಜಿನ ಸುತ್ತಲೇ ಇತ್ತು. ಅದು ಬೇಕಾದದ್ದೇ. ಆದರೆ ಬೆಲೆ ಕೊಟ್ಟು ಕೊಳ್ಳುವ ಕಥಾಪ್ರಧಾನ ಆಟವೂ ಒಂದು ಸರಕು, ಅದನ್ನು ಕೊಳ್ಳುವ ಹುಡುಗನೂ ಒಬ್ಬ ಗ್ರಾಹಕ ಎಂಬ ಅರಿವು ನಮ್ಮ ಆಡಳಿತಕ್ಕೆ ಇನ್ನೂ ಮೂಡಬೇಕಾಗಿದೆ. ಗ್ರಾಹಕರನ್ನು ಹುಸಿ ಆತುರಕ್ಕೆ ದೂಡುವ ತಂತ್ರಗಳ ವಿರುದ್ಧ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಇವೆ. ಕೃತಕ ಐದು ದಿನಗಳನ್ನು ಅವುಗಳ ಬೆಳಕಿನಲ್ಲಿ ಒಮ್ಮೆ ನೋಡಬಹುದು.

ಮೊದಲ ಕೆಲಸ ಹೆಸರುಗಳನ್ನು ಬೇರ್ಪಡಿಸುವುದು. ಸ್ಟೀಮ್ ಮಳಿಗೆಯವರು 2024ರ ಏಪ್ರಿಲ್‌ನಲ್ಲಿ ಮರುಪಾವತಿಯ ನಿಯಮ ತಿದ್ದುವಾಗ, ಹೆಚ್ಚು ಹಣಕ್ಕೆ ಕೆಲವು ದಿನ ಮೊದಲು ಬಿಡುವುದಕ್ಕೆ ‘ಅಡ್ವಾನ್ಸ್ಡ್ ಆಕ್ಸೆಸ್’ ಎಂಬ ಬೇರೆ ಹೆಸರನ್ನೇ ಬಳಸಿದರು. ಆ ದಿನಗಳಲ್ಲಿ ಆಡಿದ ಸಮಯವನ್ನೂ ಮರುಪಾವತಿಯ ಎರಡು ಗಂಟೆಗಳ ಮಿತಿಗೆ ಲೆಕ್ಕ ಹಿಡಿಯತೊಡಗಿದರು. ಹಾಗೆ ನೋಡಿದರೆ ಅದು ಅಂಗಡಿಯವನ ಹಿತಕ್ಕಾಗಿ ಮಾಡಿದ ತಿದ್ದುಪಡಿ. ಆದರೆ ಎರಡು ವ್ಯಾಪಾರಗಳೂ ಒಂದಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ಎರಡನೆಯ ಕೆಲಸ, ಬಿಡುಗಡೆಯ ದಿನವೆಂದರೆ ಮೊದಲ ಗ್ರಾಹಕನ ಕೈಗೆ ಆಟ ಸಿಕ್ಕ ದಿನ ಎಂದು ಜಾಹೀರಾತಿನಲ್ಲಿ ಒಪ್ಪಿಕೊಳ್ಳುವುದು. ಸರ್ಕಾರಿ ಆದೇಶಕ್ಕೊಂದು ಜಾರಿಯ ದಿನಾಂಕವಿರುತ್ತದೆ. ಹೆಚ್ಚು ಶುಲ್ಕ ಕೊಟ್ಟವರಿಗೆ ಐದು ದಿನ ಮೊದಲು ಜಾರಿ ಎಂದು ನಾನು ಬರೆದಿದ್ದರೆ ಅಮಾನತಾಗುತ್ತಿದ್ದೆ. ‘ಸೆಪ್ಟೆಂಬರ್ 1ರಂದು ನೂರು ಡಾಲರಿಗೆ ಬಿಡುಗಡೆ, 6ರಂದು ಎಪ್ಪತ್ತಕ್ಕೆ ಇಳಿಕೆ’ ಎಂದು ನೇರವಾಗಿ ಬರೆಯಲಿ. ಅದು ಸತ್ಯವೂ ಹೌದು. ಹಾಗೆ ಬರೆಯಲು ನಾಚಿಕೆಯಾದರೆ, ಆ ನಾಚಿಕೆಗೂ ಅರ್ಥವಿದೆ.

ಬೇರೆ ರೀತಿ ಸಾಧ್ಯ ಎನ್ನುವುದನ್ನು ನಾನೇ ಕಂಡೆ. ಆಸ್ಟ್ರೇಲಿಯದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಬೆರಳೆಣಿಕೆಯ ಜನರ ತಂಡ 2019ರ ಫೆಬ್ರುವರಿಯಲ್ಲಿ ಘೋಷಿಸಿದ್ದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಆಟ ಆರು ವರ್ಷ ಕಳೆದು 2025ರ ಸೆಪ್ಟೆಂಬರ್ 4ರಂದು ಹೊರಬಂತು. ಬೆಲೆ ಸುಮಾರು 20 ಡಾಲರ್. ದುಬಾರಿ ಪ್ರತಿಯಿಲ್ಲ, ಮುಂಚಿತ ಬಾಗಿಲಿಲ್ಲ. ವಿಮರ್ಶಕರಿಗೂ ಮೊದಲೇ ಪ್ರತಿ ಕಳುಹಿಸಲಿಲ್ಲ. ಕಾದು ಕುಳಿತ ಸಾಮಾನ್ಯ ಆಟಗಾರರಿಗಿಂತ ಮೊದಲು ಅವರಿಗೆ ಕೊಡುವುದು ಸರಿಯಲ್ಲ ಎನ್ನಿಸಿತಂತೆ.

ಅಂದು ನಮ್ಮ ಗಡಿಯಾರದಲ್ಲಿ ಸಂಜೆ 7.30ಕ್ಕೆ ಮಾರಾಟ ಆರಂಭ. ಮೊಮ್ಮಗ ಈಗ ದ್ವಿತೀಯ ಪಿಯು. ಒಂಬತ್ತು ಗಂಟೆಯವರೆಗೆ ಮಾತ್ರ ಎಂದು ಅವನಮ್ಮ ಕಟ್ಟಪ್ಪಣೆ ಮಾಡಿದ್ದಳು. ನನ್ನ ಕೋಣೆಯ ಕಂಪ್ಯೂಟರಿನ ಮುಂದೆ ಏಳು ಗಂಟೆಗೇ ಬಂದು ಕುಳಿತ. ಏಳೂವರೆಗೆ ಗುಂಡಿ ಒತ್ತಿದ, ಅಂಗಡಿ ತೆರೆಯಲಿಲ್ಲ. ಮತ್ತೆ ಒತ್ತಿದ. ಪ್ರಪಂಚದ ನಾನಾ ಭಾಗಗಳಿಂದ ಒಂದೇ ಕ್ಷಣಕ್ಕೆ ಬಂದು ಬಡಿದವರ ನೂಕುನುಗ್ಗಲಿಗೆ ಸ್ಟೀಮ್ ಸಮೇತ ಹಲವು ದೊಡ್ಡ ಮಳಿಗೆಗಳೇ ಕುಸಿದು ಕೂತಿದ್ದವು. ಸಿಟ್ಟಾಗಬೇಕಿದ್ದ ಹುಡುಗ ನಗುತ್ತಿದ್ದ. ‘ಎಲ್ಲರೂ ಹೊರಗಡೆನೇ ನಿಂತಿದ್ದಾರೆ ಅಜ್ಜ,’ ಎಂದ.

ಎಂಟೂಮುಕ್ಕಾಲರ ಹೊತ್ತಿಗೆ ಅಂತೂ ಹಣ ಸಂದಾಯವಾಗಿ, ಕೆಂಪು ಮೇಲುಡುಪಿನ, ಸೂಜಿಯನ್ನೇ ಕತ್ತಿಯಂತೆ ಹಿಡಿದ ಪುಟ್ಟ ಕೀಟದ ನಾಯಕಿಯೊಬ್ಬಳು ತೆರೆಯ ಮೇಲೆ ಕಾಣಿಸಿಕೊಂಡಳು. ಸಾರು ಆರುತ್ತಿದೆ ಎಂದು ಅವನ ಅಜ್ಜಿ ಎರಡನೆಯ ಬಾರಿ ಕೂಗಿದಳು. ‘ಇವಳು ಕೊನೆಗೆ ಏನಾಗುತ್ತಾಳೋ?’ ಎಂದು ಕೇಳಿದೆ. ‘ಗೊತ್ತಿಲ್ಲ ಅಜ್ಜ,’ ಎಂದವನು ಕುರ್ಚಿಯನ್ನು ಸ್ವಲ್ಪ ಸರಿಸಿ ನನಗೂ ಜಾಗ ಮಾಡಿಕೊಟ್ಟ.